ಬೀಗರು ಹಾಕಿದ ಕೀಲಿ

ಅಳಿಯನನ್ನು ಪ್ರಶ್ನೆ ಕೇಳಬಾರದು. ನಮ್ಮೂರಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಒಬ್ಬರ ಮನೆಯ ಅಳಿಯನಾದರೆ ಇಡೀ ಊರಿಗೇ ಅಳಿಯ. ಬಂದರೆ ಕಾಲಿಗೆ ನೀರು, ಕೂತರೆ ಹೋಳಿಗೆ, ಹೊರಟರೆ ಹಿಂದೆ ಒಂದು ಮೆರವಣಿಗೆ. ನನ್ನ ಅಕ್ಕನ ಗಂಡ ಈ ಪದ್ಧತಿಯ ಮೇಲೆಯೇ ರಾಜಕಾರಣ ಮಾಡಿದ.

ಸಿಂಧನೂರಿನವನು. ಮೊದಲು ಜವಳಗೇರಾ ಕಡೆಯಿಂದ ಭತ್ತದ ಲಾರಿ ಓಡಿಸುತ್ತಿದ್ದ. ಆಮೇಲೆ ಬಿಳಿ ಅಂಗಿ ಬಂತು, ಹಿಂದೆ ಮೋಟಾರ್ ಬೈಕುಗಳು ಬಂದವು, ಚುನಾವಣೆಗೆ ನಿಂತ. ಪಾಮನಕಲ್ಲೂರಿನ ಆಚೆಗಿರುವ ನಮ್ಮೂರಲ್ಲಿ ಅವನು ಭಾಷಣವನ್ನೇ ಮಾಡಲಿಲ್ಲ. "ನಾ ನಿಮ್ಮ ಅಳಿಯ ಅದೀನ್ರೀ. ಅಳಿಯಗ ಬರೇ ಕೈಲೆ ಕಳಸ್ತೀರೇನು?" ಎಂದು ಕೈ ಮುಗಿದ. ಹೆಂಗಸರು ನಕ್ಕರು. ಊರಿನ ಓಟೆಲ್ಲ ಅವನಿಗೇ ಬಿತ್ತು.

ಗೆದ್ದ ಮೇಲೆ ಊರ ಮುಂದಿನ ಬಯಲಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ಕಟ್ಟಿಸುತ್ತೇನೆಂದ. ಎಲ್ಲರಿಗೂ ಸೇರಿದ ಬಯಲದು. ನಡುವೆ ಒಂದು ಬೇವಿನ ಮರ. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಅದಕ್ಕೇ ಜೋಕಾಲಿ ಕಟ್ಟುತ್ತಿದ್ದರು. ಅಕ್ಕ ಜೀಕಿದರೆ ಮೇಲಿನ ಟೊಂಗೆಯ ಎಲೆಯನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತಿದ್ದಳು. ಬಯಲಿಗೆ ತಂತಿಬೇಲಿ ಬಂತು, ಗೇಟು ಬಂತು, ಕಾಲೇಜು ಬರಲಿಲ್ಲ. ಒಳಗೆ ಅವನ ಜಲ್ಲಿ ರಾಶಿ, ಅವನ ಟಿಪ್ಪರ್‌ಗಳು. ಪುಸ್ತಕದಲ್ಲಿ ಬೀಗ ಎಂದು ಬರೆಯುವುದನ್ನು ನಮ್ಮ ಕಡೆ ಕೀಲಿ ಅನ್ನುತ್ತೇವೆ. ಬೀಗರೇ ಕೀಲಿ ಹಾಕಿದ ಮೇಲೆ ಕೇಳುವವರು ಯಾರು? ಆ ಗೇಟಿನ ಮುಂದೆ ಹಾದರೆ ನನಗೆ ಮೈ ಉರಿಯುತ್ತಿತ್ತು. ಕೇಳುತ್ತೇನೆ ಅಂದರೆ ಅಪ್ಪ, "ನಿಮ್ಮಕ್ಕನ ಬಾಳೇವು ಐತಿ, ಸುಮ್ನಿರಲೇ" ಎಂದು ಗದರುತ್ತಿದ್ದ.

ಮುಂದಿನ ಚುನಾವಣೆಗೆ ಮತ್ತೆ ಬಂದ. ಆಗಲೂ ಊರು ಏನೂ ಕೇಳಲಿಲ್ಲ. ಹೋಳಿಗೆ ಬಡಿಸಿ, ಬೇಡವೆಂದರೂ ತುಪ್ಪ ಸುರಿಯಿತು. ಅವನು ತೇಗಿ, "ಈ ಊರಿನ ಚಿಂತಿ ಇಲ್ಲ ನನಗ" ಎನ್ನುತ್ತ ಕಾರು ಹತ್ತಿದ. ಎಣಿಕೆಯ ದಿನ ನೋಡಿದರೆ ನಮ್ಮೂರಲ್ಲೇ ಮಣ್ಣುಮುಕ್ಕಿದ್ದ. ಪಕ್ಕದ ಮನೆಯ ಮುಸ್ಲಿಂ ಅಜ್ಜಿ, ಅಕ್ಕನನ್ನು ಎತ್ತಿ ಆಡಿಸಿದವಳು, ನನಗೆ ಬಿಡಿಸಿ ಹೇಳಿದಳು: "ದಾಮಾದ್‌ಗ ಊಟ ಹಾಕೋದು ರಿವಾಜು ಬೇಟಾ. ಓಟು ಹಾಕೋದು ರಿವಾಜಲ್ಲ."

ಸೋತದ್ದೇ ತಡ, ಪಕ್ಷ ಕೈಬಿಟ್ಟಿತು. ಹಳೆಯ ಕೇಸುಗಳು ಎದ್ದು ಲಿಂಗಸುಗೂರಿನ ಕೋರ್ಟಿಗೆ ಅಲೆದಾಟ ಹತ್ತಿತು. ಬೈಕುಗಳು ಬೇರೆಯವರ ಹಿಂದೆ ಹೋದವು. ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆದರೆ ಅಕ್ಕ ಪಂಚಮಿಗೆ ಬರುವುದನ್ನೇ ಬಿಟ್ಟಳು. ಮರುವರ್ಷವೂ ಬರಲಿಲ್ಲ. ಅವ್ವ ಶೇಂಗಾ ಉಂಡಿ ಕಟ್ಟಿಟ್ಟು ಬಾಗಿಲು ನೋಡುತ್ತಿದ್ದಳು. ಮಸ್ಕಿಯ ಬಸ್ಸಿನ ಸಪ್ಪಳವಾದಾಗಲೆಲ್ಲ ನಾನು ಹೊರಗೆ ಹೋಗುತ್ತಿದ್ದೆ, ಒಳಗೆ ಬರುತ್ತಿದ್ದೆ, ಮತ್ತೆ ಹೊರಗೆ. ಗಂಡನ ಸೋಲಿನಲ್ಲಿ ಅವಳು ತವರನ್ನೂ ಕಳೆದುಕೊಂಡಳೇ ಎಂಬ ಚಿಂತೆ ನನ್ನನ್ನು ಒಂದು ಕಡೆ ಕೂರಗೊಡಲಿಲ್ಲ.

ಈ ಸಲ ಪಂಚಮಿಯ ಹಿಂದಿನ ದಿನ ನಾನೇ ಸಿಂಧನೂರಿಗೆ ಹೋದೆ. ಅಕ್ಕನ ಗಂಡ, ನನ್ನ ಮಾವ, ಟೀವಿಯ ಮುಂದೆ ಕೂತಿದ್ದ. ಪಕ್ಕದಲ್ಲಿ ಮೊಬೈಲು ಸುಮ್ಮನೆ ಬಿದ್ದಿತ್ತು. ಅಕ್ಕ ನೀರು ಕೊಟ್ಟು, "ಯಾವ ಮಾರಿ ಹೊತ್ಕೊಂಡು ಬರ್ಲಿ? ಬಯಲು ನುಂಗಿದವನ ಹೇಣ್ತಿ ಬಂದಾಳ ಅಂತಾರ" ಅಂದಳು. ನನ್ನ ತಲೆ ಕೆಟ್ಟಿತು. ನಿಂತಲ್ಲೇ ಕೇಳಿಬಿಟ್ಟೆ.

"ಮಾವ, ಆ ಬಯಲು ಯಾರದ್ರೀ?"

ಅವನು ಟೀವಿಯಿಂದ ಕಣ್ಣು ಕೀಳದೆ, "ಉಂಡು ಹೋಗು" ಎಂದ.

ಅಕ್ಕ ಒಳಗೆ ಹೋಗಿ ಬಂದಳು. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿಕೊಂಡಿದ್ದಳು. "ನಡಿ" ಎಂದಳು, ಅಷ್ಟೆ.

ಊರಲ್ಲಿ ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ನೇರ ಆ ಗೇಟಿಗೆ ನಡೆದಳು. ಗಂಟು ಬಿಚ್ಚಿ ಕೀಲಿಕೈ ತೆಗೆದಳು. ತುಕ್ಕು ಹಿಡಿದ ಕೀಲಿ ಜಗ್ಗಲಿಲ್ಲ. ಎರಡೂ ಕೈ ಹಾಕಿ ತಿರುವಿದಾಗ ಕಳಚಿತು. ಜೋಕಾಲಿಯ ಹಗ್ಗ ಹೊತ್ತು ಬೇರೆ ಮರ ಹುಡುಕುತ್ತಿದ್ದ ಹೆಂಗಸರು ನಿಂತು ನೋಡಿದರು. ಒಬ್ಬರೂ ಮಾತಾಡಲಿಲ್ಲ. ಅಳಿಯನನ್ನು ಹೀಗೇ ಸುಮ್ಮನಿದ್ದು ಮುಗಿಸಿದ ಊರು ಇದು.

ಪಕ್ಕದ ಮನೆಯ ಅಜ್ಜಿ ಮುಂದೆ ಬಂದು ಅಕ್ಕನ ರಟ್ಟೆ ಹಿಡಿದು ಅಲುಗಾಡಿಸಿದಳು. "ಎರಡು ಪಂಚಮಿ ಯಾಕ ಬರ್ಲಿಲ್ಲಬೇ? ಯಾರ್ನ ಕೇಳಿ ಬರೋದು ಬಿಟ್ಟಿ? ಹೇಳು!"

ಆಮೇಲೆ ಎಲ್ಲರೂ ಕೇಳತೊಡಗಿದರು. ಬೈಯುತ್ತ ಕೇಳಿದರು. ಮಗಳಲ್ಲವೇ, ಕೇಳದೆ ಬಿಡುತ್ತಾರೆಯೇ? ಅಕ್ಕ ಗೇಟು ಹಿಡಿದುಕೊಂಡು ಅತ್ತಳು.