ತೋಳಿಗೆ ಕಟ್ಟಿದ ಉಡದಾರ

ಅಣ್ಣನ ಮಗ್ಗದ ಸದ್ದು ನಿಂತರೆ ಈಗಲೂ ನಾನು ಕೈಯಲ್ಲಿದ್ದುದನ್ನು ಬಿಟ್ಟು ಏಳುತ್ತೇನೆ.

ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೇನೆ ನುಗ್ಗಿದ, ೧೯೪೮ರ ಪೊಲೀಸ್ ಕಾರ್ಯಾಚರಣೆಯ ಆ ವಾರ ಹೈದರಾಬಾದಿನ ನನ್ನ ಕಾಲೇಜು ಮುಚ್ಚಿತ್ತು. ನಾನು ನಾರಾಯಣಪೇಟೆಯ ಮನೆಯಲ್ಲಿದ್ದೆ. ನೂಲು ತರಲು ಅಟ್ಟ ಹತ್ತಿದ್ದಾಗ ಕೆಳಗೆ ಮಗ್ಗ ನಿಂತಿತು. ಹಲಗೆಯ ಸಂದಿಯಿಂದ ನೋಡಿದೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಮೂವರು ಒಳಗೆ ಬಂದಿದ್ದರು. ಅಣ್ಣ ಮಗ್ಗದ ಗುಂಡಿಯಿಂದ ಕಾಲೆತ್ತಿ ಏಳುತ್ತಿದ್ದ. ಕತ್ತಿ ಅವನ ಹೊಟ್ಟೆಯ ಮೇಲೆ ಅಡ್ಡಡ್ಡ ಹಾದುಹೋಯಿತು. ಅವರು ಸೀರೆಗಳನ್ನು ಬಾಚಿಕೊಂಡು ಹೋದರು. ಯಾವ ಕಡೆಯವರೆಂದು ಜನ ಇಂದಿಗೂ ಕೇಳುತ್ತಾರೆ. ನಾನು ಕಂಡದ್ದು ಕತ್ತಿಯನ್ನು.

ಮಕ್ತಲ್ ದಾರಿಯಲ್ಲಿ ಬಂಡಿ ಹೊಡೆದು ರಾಯಚೂರಿಗೆ ಒಯ್ದೆವು. ಅಲ್ಲಿ ಹೊಲಿದರು, ಜೀವ ಉಳಿಯಿತು. ಆದರೆ ಗಾಯ ಮಾಯುತ್ತ ಚರ್ಮ ಹಗ್ಗದಂತೆ ಬಿಗಿದು ಅಣ್ಣನನ್ನು ಬಾಗಿಸಿಬಿಟ್ಟಿತು. ಮಗ್ಗಕ್ಕೆ ಕೂತರೆ, ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ಹೊಟ್ಟೆಗೆ ತಾಗಿ ಕಲೆ ಬಿರಿಯುತ್ತಿತ್ತು. ನೇಯ್ಗೆ ಬಿಟ್ಟು ಅವನಿಗೆ ಬೇರೇನೂ ಬಾರದು.

ಮರುವರ್ಷ ನಾನೂ ಅವ್ವನೂ ಅವನನ್ನು ಹೈದರಾಬಾದಿನ ದವಾಖಾನೆಗೆ ಕರೆದೊಯ್ದೆವು. ಯುದ್ಧದಲ್ಲಿ ಸುಟ್ಟ ಸಿಪಾಯಿಗಳಿಗೆ ಚರ್ಮ ಕೂಡಿಸಿದ್ದ ಡಾಕ್ಟರು ಅಲ್ಲಿದ್ದರು. ಕಲೆಯನ್ನು ಕೊಯ್ದು ಬಿಡಿಸಿ, ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಅಲ್ಲಿ ಹಚ್ಚುವುದಾಗಿ ಉರ್ದುವಿನಲ್ಲಿ ಹೇಳಿದರು; ನಾನು ಕನ್ನಡದಲ್ಲಿ ತಿಳಿಸಿದೆ. ಅಣ್ಣ ಎಲ್ಲಕ್ಕೂ ಹೂಂ ಅಂದ. ಆಪರೇಷನ್ ದಿನ ನರ್ಸ್ ಕತ್ತರಿ ತಂದು ಅವನ ಸೊಂಟದ ಉಡದಾರಕ್ಕೆ ಕೈ ಹಾಕಿದಾಗ ಮಾತ್ರ ಮಂಚದಿಂದ ಇಳಿದುಬಿಟ್ಟ.

“ಉಡದಾರ ಹೆಣದ ಮ್ಯಾಲಿಂದು ಹರೀತಾರ. ನಾ ಇನ್ನಾ ಅದೀನಿ.”

ಅವ್ವ ಡಾಕ್ಟರರತ್ತ ತಿರುಗಿದಳು. “ಕತ್ತೀಗೇ ಹರೀಲಿಲ್ರಿ ಸಾಹೇಬ್ರ. ನಿಮ್ಮ ಕತ್ರಿಗೆ ಯಾಕ ಹರೀಬೇಕು?”

ದಾರ ಇರುವಲ್ಲೇ ಕೊಯ್ಯಬೇಕು, ಬಿಟ್ಟರೆ ಕೀವಾಗುತ್ತದೆ ಎಂದರು ಡಾಕ್ಟರು. ಆಮೇಲೆ ಕೇಳಿದರು, ಹಳೆಯದು ಸವೆದರೆ ಏನು ಮಾಡುತ್ತೀರಿ?

“ಹೊಸಾದು ಕಟ್ಟಿ ಆಮ್ಯಾಲ ಹಳೇದು ತೆಗೀತೀವ್ರಿ. ಬರೇ ಮೈಲೆ ಬಿಡಂಗಿಲ್ಲ,” ಎಂದಳು ಅವ್ವ.

ಹಾಗಾದರೆ ಹೊಸದನ್ನು ತೋಳಿಗೆ ಕಟ್ಟಿ ಎಂದರು.

“ತೋಳಿಗೆ ಉಡದಾರ ಕಟ್ಟಿದ್ದು ಯಾರು ನೋಡ್ಯಾರ?” ಆ ಮಾತು ಕನ್ನಡದಲ್ಲಿ ತಿಳಿಸಿದ ನನ್ನನ್ನೇ ಅವ್ವ ಗದರಿದಳು.

ಅಣ್ಣ ಬಾಗಿಕೊಂಡೇ ನಿಂತಿದ್ದ. “ಹೊಟ್ಟಿ ಬಿರಕೊಂಡು ಮಗ್ಗಕ್ಕ ಕುಂತಿದ್ದು ಯಾರು ನೋಡ್ಯಾರಬೇ? ಕಟ್ಟು.”

ಅವ್ವ ತನ್ನ ಸೆರಗಿನ ಅಂಚಿನಿಂದ ಎಳೆಗಳನ್ನು ಕಿತ್ತು ಹೊಸೆದಳು. ಆ ಸೀರೆ ಅವನೇ ನೇಯ್ದದ್ದು. ನರ್ಸ್ ದಾರವನ್ನು ಕುದಿಸಿ ಕೊಟ್ಟಳು. ಹಸಿಯಾಗಿಯೇ ತೋಳಿಗೆ ಕಟ್ಟಿದ ಮೇಲೆ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ. ಕತ್ತರಿಯ ಸದ್ದಿಗೆ ಅವ್ವ ಕಿವಿ ಮುಚ್ಚಿಕೊಂಡಳು.

ಹಚ್ಚಿದ ಚರ್ಮ ಹತ್ತಿತು. ಒಂದು ಮೂಲೆ ಮಾತ್ರ ಕೊಳೆತು ಬಹಳ ಕಾಡಿತು. ಈಗ ದಿಂಡಿಗೂ ಹೊಟ್ಟೆಗೂ ನಡುವೆ ಮಡಿಸಿದ ಬಟ್ಟೆಯಿಟ್ಟುಕೊಂಡು ನೇಯುತ್ತಾನೆ. ಮಗ್ಗ ನಿಂತಾಗಲೆಲ್ಲ ನಾನು ಓಡಿ ಬರುತ್ತೇನೆ.

“ನೂಲು ಕಡದೈತೋ ಕಾಲೇಜಪ್ಪಾ. ಹೋಗು,” ಎನ್ನುತ್ತಾನೆ.

ಆದರೆ ನಾನು ಬರುವ ಹೊತ್ತಿಗೆ ಅವನೂ ಬಾಗಿಲನ್ನೇ ನೋಡುತ್ತಿರುತ್ತಾನೆ.