ನರ್ಸಮ್ಮನ ಸೈಕಲ್ಲಿನ ಸದ್ದು

ಇದನ್ನು ಹೇಳದೆ ಬಹಳ ವರ್ಷ ತಳ್ಳಿಕೊಂಡು ಬಂದೆ. ಹೇಳಬೇಕೆಂದು ಕೂತಾಗಲೆಲ್ಲ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು. ಆಗದಿದ್ದರೆ ನಾನೇ ನೆನಪು ಮಾಡಿಕೊಳ್ಳುತ್ತಿದ್ದೆ. ಹೋದ ತಿಂಗಳು ಮರಳೂರಿನ ನಮ್ಮ ಮನೆಗೆ ಒಬ್ಬ ಯುವಕ ಸೈಕಲ್ಲಿನ ಹಿಂದಿನ ಚಕ್ರವೊಂದನ್ನು ಹೊತ್ತು ತಂದ. ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಸರಿಮಾಡಿಸಿ ಇಟ್ಟುಕೊಳ್ಳುವ ಹುಚ್ಚು ಅವನಿಗೆ. ಚಕ್ರದ ನಡುವೆ ಇಂಗ್ಲೆಂಡಿನಲ್ಲಿ ಮಾಡಿದ ಮೂರು ಗೇರಿನ ಹಬ್ ಇತ್ತು. "ಅಂಕಲ್, ಇದರ ಪಾರ್ಟ್ಸ್ ಎಲ್ಲಾದ್ರೂ ಸಿಗುತ್ತಾ?" ಎನ್ನುತ್ತ ಅದನ್ನು ಎತ್ತಿ ಹಿಡಿದು ತಿರುಗಿಸಿದ. ಟಿಕ್ ಟಿಕ್ ಟಿಕ್ ಎಂದು, ಗೋಡೆ ಗಡಿಯಾರಕ್ಕಿಂತ ಸ್ವಲ್ಪ ಚುರುಕಾಗಿ... ಜೊತೆಗೆ ಹಳೆಯ ಎಣ್ಣೆಯ ವಾಸನೆ. ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ.

ಅಂಥ ಹಬ್ಬನ್ನು ನಾನು ಬಿಚ್ಚಿದ್ದು ಒಂದೇ ಸಲ. ಆಗ ಗುಬ್ಬಿಯಲ್ಲಿ ನನ್ನದೊಂದು ಸೈಕಲ್ ಶಾಪ್ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಪಾನಾ ಹಿಡಿದವನು, ಕೈಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಸೈಕಲ್ಲು ನಮ್ಮ ಬೀದಿಯ ನರ್ಸಮ್ಮನದು. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಊರು ಬಿಡುವಾಗ ಕೊಟ್ಟುಹೋದದ್ದು. ಅದರ ಮೇಲೆ ಹಳ್ಳಿಹಳ್ಳಿ ಸುತ್ತಿ ಹೆರಿಗೆ ಮಾಡಿಸಿದ್ದರು. ನನ್ನ ಮಗಳು ಹುಟ್ಟಿದ್ದೂ ಅವರ ಕೈಯಲ್ಲೇ.

ನಾನು ಹೇಳುತ್ತಿರುವ ಕಾಲಕ್ಕೆ ಅವರು ರಿಟೈರ್ ಆಗಿ, ತಮ್ಮನ ಮಗನ ಸಂಸಾರದೊಂದಿಗೆ ಇದ್ದರು. ಮಂಡಿನೋವಿನಿಂದ ಸೈಕಲ್ ಹತ್ತುವುದು ನಿಂತಿತ್ತು. ಆದರೂ ಊರುಗೋಲಿನ ಬದಲು ಅದನ್ನೇ ಹಿಡಿದು ತಳ್ಳಿಕೊಂಡು ನಡೆಯುತ್ತಿದ್ದರು. "ನನ್ ಮಂಡಿ ಸರ್ವೀಸ್ ಮಾಡೋ ಅಂಗಡಿ ಇದ್ರೆ ಹೇಳಪ್ಪ. ಅದಕ್ಕೂ ಪಾರ್ಟ್ಸ್ ಸಿಗಲ್ವಂತೆ," ಎಂದು ನಗುತ್ತಿದ್ದರು. ಸ್ಕ್ಯಾನಿಂಗ್ ಬಂದಿದ್ದರೂ ಬಸುರಿಯರು ದಿನ ತುಂಬುತ್ತಿದ್ದಂತೆ ಅವರ ಮನೆಗೆ ಹೋಗುವುದು ತಪ್ಪಿರಲಿಲ್ಲ. ನರ್ಸಮ್ಮ ಮರದ ಕೊಳವೆಯೊಂದನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಕುದುರೆ ಓಡ್ದಂಗೆ ಓಡ್ತಾ ಐತೆ ಕಣೇ, ಹೋಗು," ಎಂದರೆ ಆ ಹೆಣ್ಣುಮಗಳ ಮುಖ ಅರಳುತ್ತಿತ್ತು. ಸ್ಕ್ಯಾನಿಂಗಿನ ಕಾಗದದಿಂದ ಅದು ಆಗುತ್ತಿರಲಿಲ್ಲ.

ಒಂದು ದಿನ ಸೈಕಲ್ಲನ್ನು ಅಂಗಡಿಯ ಮುಂದೆ ನಿಲ್ಲಿಸಿ, "ಇದರ ಸದ್ದು ಒಂದೊಂದ್ಸಲ ತಪ್ತಾ ಐತೆ. ನಾಡಿ ತಪ್ಪಿದಂಗೆ," ಎಂದರು. ನಾನು ಎಷ್ಟು ತಿರುಗಿಸಿದರೂ ನನಗೆ ಅದು ತಿಳಿಯಲಿಲ್ಲ. ಕುಣಿಗಲ್ಲಿನಲ್ಲಿ ಒಬ್ಬ ಹಳೆಯ ಮೇಸ್ತ್ರಿ ಇದ್ದಾನೆ, ಈ ಹಬ್ ಅವನೊಬ್ಬನಿಗೇ ಗೊತ್ತು, ಅವನಿಗೆ ಕಳಿಸಲೇ ಎಂದು ಕೇಳಿದರು. "ನಾನಿರೋವಾಗ ಕುಣಿಗಲ್ಗ್ ಯಾಕಮ್ಮ?" ಎಂದುಬಿಟ್ಟೆ.

ಸಾಮಾನ್ಯ ಹಬ್ಬಿನಲ್ಲಿ ಏನಿದೆ? ಕೋನ್ ಬಿಚ್ಚಬೇಕು, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಗ್ರೀಸ್ ತುಂಬಿ ಮುಚ್ಚಬೇಕು. ಇದನ್ನೂ ಹಾಗೆಯೇ ಬಿಚ್ಚಿದೆ. ಒಳಗೆ ಹಲ್ಲಿನ ಚಕ್ರಗಳು, ಅವುಗಳಿಗೆ ತಗಲುವ ಪುಟ್ಟ ಕೊಂಡಿಗಳು. ಟಿಕ್ ಟಿಕ್ ಎನ್ನುವುದು ಆ ಕೊಂಡಿಗಳೇ. ಅವನ್ನು ಒತ್ತಿ ಹಿಡಿಯಲು ತಲೆಗೂದಲಿನಷ್ಟು ಸಣ್ಣ ಸ್ಪ್ರಿಂಗುಗಳು. ಅವುಗಳಲ್ಲೊಂದು ಕೈಯಿಂದ ಚಿಮ್ಮಿ ಎಲ್ಲಿ ಹೋಯಿತೋ ಕಾಣಲಿಲ್ಲ. ಉಳಿದವು ತುಕ್ಕು ಹಿಡಿದಿದ್ದವು, ಮೀಟುವಾಗ ಮುರಿದವು. ನೆಲ ಗುಡಿಸಿ ಕಸವನ್ನು ಜರಡಿ ಹಿಡಿದೆ, ಅಯಸ್ಕಾಂತ ಆಡಿಸಿದೆ... ಸಿಗಲಿಲ್ಲ.

ತುಮಕೂರಿಗೆ ಹೋಗಿ ಶಿರಾ ಗೇಟಿನ ಅಂಗಡಿಗಳಲ್ಲೆಲ್ಲ ವಿಚಾರಿಸಿದೆ. ಅಂಥ ಹಬ್ಬನ್ನೇ ನೋಡಿಲ್ಲ ಎಂದರು. ಕೊನೆಗೆ ಮಾನ ಬಿಟ್ಟು ಕುಣಿಗಲ್ಲಿನ ಮೇಸ್ತ್ರಿಯ ಮುಂದೆ ನಿಂತೆ. ಆತ ಎಲೆ ಅಡಿಕೆ ಉಗುಳಿ ಬಂದು ನಕ್ಕ. "ಬಿಚ್ಚಾಕ್ ಮುಂಚೆ ಬರ್ಬೇಕಿತ್ತು ಕಣಯ್ಯಾ. ತಾಳಿ ಕಟ್ಟಿದ್ಮೇಲೆ ಜಾತಕ ತಂದಂಗಾಯ್ತು." ಆಮೇಲೆ ಪಾಪವೆನಿಸಿತೋ ಏನೋ, ಎಲ್ಲಾದರೂ ಒಂದು ಹಳೆಯ ಹಬ್ ಸಿಕ್ಕರೆ ಹೇಳಿಕಳಿಸುತ್ತೇನೆ ಎಂದ.

ಇತ್ತ ನರ್ಸಮ್ಮ ದಿನಾ ಕೇಳುತ್ತಿದ್ದರು. ಅವರು ಸೈಕಲ್ ಹತ್ತುವುದಿಲ್ಲವಲ್ಲ, ತಳ್ಳುವುದಕ್ಕೆ ಸ್ಪ್ರಿಂಗು ಯಾಕೆ ಎಂದುಕೊಂಡು, ಸ್ಪ್ರಿಂಗಿಲ್ಲದೆಯೇ ಗ್ರೀಸ್ ತುಂಬಿ ಹಬ್ ಮುಚ್ಚಿದೆ. ಚಕ್ರ ಬೆಣ್ಣೆಯಂತೆ ತಿರುಗಿತು. ಸದ್ದು ಮಾತ್ರ ಸತ್ತಿತ್ತು.

ಸೈಕಲ್ ಒಯ್ಯಲು ತಮ್ಮನ ಮಗನನ್ನೂ ಕರೆದುಕೊಂಡು ಬಂದರು. ನಾಲ್ಕು ಹೆಜ್ಜೆ ತಳ್ಳಿ ನಿಂತರು.

"ಸದ್ದೇ ಬರ್ತಿಲ್ವಲ್ಲೋ."

"ಈ ರೋಡಿನ ಗಲಾಟೇಲಿ ಏನ್ ಕೇಳ್ಸುತ್ತೆ ಅತ್ತೆ," ಎಂದ ಅವನು. "ಮೊನ್ನೆ ಫೋನ್ ಬಡ್ಕೊಂಡ್ರೂ ನೀವು ಎತ್ಲಿಲ್ಲ."

"ಅದು ನಿನ್ ಹೆಂಡ್ತಿ ಫೋನು ಅಂತ ಎತ್ಲಿಲ್ಲ. ಕೇಳಿಸ್ದೆ ಅಲ್ಲ." ನಂತರ ನನ್ನ ಕಡೆ ತಿರುಗಿದರು. "ನೀನ್ ಹೇಳಪ್ಪ, ಕೈಕೆಲಸ್ದೋನು. ಸದ್ದು ಬರ್ತಾ ಐತಾ?"

ಇಲ್ಲ, ನಾನೇ ಕೆಡಿಸಿದೆ ಎಂದಿದ್ದರೆ ಮುಗಿಯುತ್ತಿತ್ತು. ಅವರು ಬಯ್ಯುವವರೂ ಅಲ್ಲ. ಆದರೆ ಪಕ್ಕದ ಅಂಗಡಿಯವರು ನೋಡುತ್ತಿದ್ದರು. "ಬರ್ತಾ ಐತಲ್ಲಮ್ಮ," ಎಂದೆ. "ಸರ್ವೀಸ್ ಆಗೈತಲ್ಲ, ಮೆತ್ತಗೈತೆ ಅಷ್ಟೇ."

ನರ್ಸಮ್ಮ ಕಷ್ಟಪಟ್ಟು ಬಗ್ಗಿದರು. ಬಸುರಿಯ ಹೊಟ್ಟೆಗೆ ಕಿವಿ ಕೊಡುವಂತೆಯೇ ಹಬ್ಬಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಕೈಯಿಂದ ಚಕ್ರ ತಿರುಗಿಸಿದರು. ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಅವರ ಮುಖ... ಅದನ್ನು ಬರೆಯಲು ನನಗೆ ಬರುವುದಿಲ್ಲ. "ಸರಿ ಬುಡಪ್ಪ," ಎಂದರು. "ಹಂಗಾದ್ರೆ ನನ್ ಕಿವೀನೇ."

ಕೆಲವು ತಿಂಗಳಿಗೆ ನನ್ನ ಮಗಳು ಹೆರಿಗೆಗೆಂದು ತವರಿಗೆ ಬಂದಳು. ಹೆಂಡತಿ ಅವಳನ್ನು ನರ್ಸಮ್ಮನ ಮನೆಗೆ ಕರೆದುಕೊಂಡು ಹೋಗಿ ಬೇಗನೆ ವಾಪಸ್ ಬಂದಳು. "ನೋಡಲ್ವಂತೆ ಕಣ್ರೀ. ಕೊಳವೆ ಎತ್ತಿಟ್ಟವ್ರಂತೆ. ಸೈಕಲ್ ಸದ್ದೇ ಕೇಳಿಸ್ದಿರೋ ಕಿವಿಗೆ ಕೂಸಿನ ಸದ್ದು ಎಲ್ಲಿ ಕೇಳಿಸುತ್ತೆ, ತಪ್ಪು ಹೇಳ್ಬುಟ್ರೆ ಏನ್ ಗತಿ ಅಂದ್ರು." ಮಗಳ ಕಣ್ಣಲ್ಲಿ ನೀರಿತ್ತು. ತನ್ನನ್ನು ಎತ್ತಿದ ಕೈ ತನ್ನ ಮಗುವನ್ನೂ ಹರಸಲಿ ಎಂಬ ಆಸೆ ಅವಳಿಗೆ. ನಾನು ಊಟದ ತಟ್ಟೆ ನೋಡುತ್ತ ಕೂತಿದ್ದೆ.

ಒಂದು ದಿನ ಕುಣಿಗಲ್ಲಿನ ಮೇಸ್ತ್ರಿ ಹೇಳಿಕಳಿಸಿದ. ಕೊತ್ತಗೆರೆ ಕಡೆಯ ಒಂದು ತೋಟದ ಮನೆಯಲ್ಲಿ ಅಂಥದೇ ಹಬ್ ಸಿಕ್ಕಿತ್ತು. ಮೇಸ್ತ್ರಿ ಅದರ ಸ್ಪ್ರಿಂಗುಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟ. ಅದನ್ನು ಜೇಬಿನಲ್ಲಿಟ್ಟುಕೊಂಡು, ಈ ಸಲ ಎಲ್ಲ ಹೇಳಿಬಿಡುತ್ತೇನೆ ಎಂದು ನೇರ ಅವರ ಮನೆಗೆ ಹೋದೆ.

ನರ್ಸಮ್ಮ ಪಡಸಾಲೆಯಲ್ಲಿ ಕೂತಿದ್ದರು. ತಮ್ಮನ ಮಗ, ಅವನ ಹೆಂಡತಿ, ನೆರೆಯ ಇಬ್ಬರು ಹೆಂಗಸರು ಅಲ್ಲೇ ಇದ್ದರು. ನಾನು ಹತ್ತಿರ ಕೂತು ಮೆಲ್ಲಗೆ, "ನರ್ಸಮ್ಮ, ಒಂದ್ ಮಾತು," ಎಂದೆ.

"ಜೋರಾಗಿ ಹೇಳಪ್ಪ. ನಂಗ್ ಕಿವಿ ಕೇಳ್ಸಲ್ಲ."

ನಾನು ಅಂದದ್ದು ಅವರಿಗೆ ಕೇಳಿಸಿಯೇ ಇತ್ತು. ಕೇಳಿಸಿದ್ದರಿಂದಲೇ ಉತ್ತರ ಕೊಟ್ಟರು. ಆದರೆ ತಮ್ಮ ಕಿವಿಯನ್ನು ತಾವೇ ನಂಬುವುದು ಬಿಟ್ಟಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗುಟ್ಟಾಗಿ ಹೇಳಲೂ ಧೈರ್ಯ ಸಾಲದ ಮಾತನ್ನು ನಾನೀಗ ಬೀದಿಗೆ ಕೇಳುವಂತೆ ಕೂಗಬೇಕಿತ್ತು. "ಏನಿಲ್ಲಮ್ಮ, ನೋಡ್ಕಂಡ್ ಹೋಗಾಣ ಅಂತ ಬಂದೆ," ಎಂದು ಕೂಗಿ ಹೇಳಿದೆ. ಅವರು ತಲೆಯಾಡಿಸಿ, ನನಗೆ ಕಾಫಿ ಕೊಡಲು ಹೇಳಿದರು. ಕುಡಿದು ಬಂದೆ.

ಮುಂದಿನ ಬೇಸಿಗೆಯೊಳಗೆ ಅವರು ಹೋಗಿಬಿಟ್ಟರು. ಹೂವಿನ ಹಾರ ಹಿಡಿದು ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು, "ಎಷ್ಟು ಕೂಸಿನ ಎದೆಬಡಿತ ಕೇಳಿದ್ ಜೀವ. ಪಾಪ, ಕಡೇಗಾಲಕ್ಕೆ ಕಿವಿ ಹೋಗ್ಬುಡ್ತು," ಎಂದಳು. ನಾನೂ ಹೌದೆಂದು ತಲೆಯಾಡಿಸಿದೆ...

ಇವತ್ತು ಇದನ್ನು ಬರೆದಿಡುತ್ತಿದ್ದೇನೆ. ಓದಿದರೆ ನನ್ನ ಹೆಂಡತಿಗೆ, ಮಗಳಿಗೆ ತಿಳಿಯುತ್ತದೆ. ಅವರು ಏನಾದರೂ ಅಂದುಕೊಳ್ಳಲಿ. ಕ್ಷಮಿಸುವ ಹಕ್ಕಿದ್ದವರು ಇಲ್ಲ, ನಾನು ಈಗ ಎಷ್ಟು ಜೋರಾಗಿ ಕೂಗಿದರೂ ಪ್ರಯೋಜನವಿಲ್ಲ. ಊರಿನವರ ಮನಸ್ಸಿನಲ್ಲಿ ಇವತ್ತಿಗೂ ಆಕೆ ಕಡೆಗೆ ಕಿವುಡಾದ ನರ್ಸಮ್ಮ. ಹಾಗಲ್ಲ. ಅವರ ಕಿವಿಗೆ ಏನೂ ಆಗಿರಲಿಲ್ಲ. ಅವರ ಹೆಸರು ಗೌರಮ್ಮ.