ಮಾತು ಹೋದ ದಾರಿ

ಅಕ್ಕನ ರೆಪ್ಪೆಗೂದಲು ಯಾವಾಗಲೂ ಬೆಳ್ಳಗಿರುತ್ತಿದ್ದವು. ಅಕ್ಕಿಆಲೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು; ಮುಖ ತೊಳೆದರೂ ಆ ಬಿಳುಪು ಪೂರ್ತಿ ಹೋಗುತ್ತಿರಲಿಲ್ಲ. ಬೀಸಲು ಬಂದ ಡಬ್ಬಿ ನೋಡಿಯೇ ಯಾರ ಮನೆಯದೆಂದು ಹೇಳುತ್ತಿದ್ದಳು. ಒಂದು ಮನೆಯ ಡಬ್ಬಿ ಇನ್ನೊಂದು ಮನೆಯವಳ ಕೈಯಲ್ಲಿ ಬಂದರೆ ಆ ಎರಡು ಮನೆಗಳ ನಡುವೆ ಮಾತುಕತೆ ಇದೆ. ಹಾಗೆ ಬರುವುದು ನಿಂತರೆ ಜಗಳ. ಯಾರ ಸೊಸೆ ಯಾವ ಊರಿನವಳು, ಅವಳ ತಂಗಿಯನ್ನು ಎಲ್ಲಿಗೆ ಕೊಟ್ಟಿದ್ದಾರೆ, ಹಾನಗಲ್ಲಿನಿಂದ ಶಿಗ್ಗಾಂವಿ, ಸವಣೂರಿನವರೆಗೆ ಎಲ್ಲವೂ ಅವಳ ತಲೆಯಲ್ಲಿತ್ತು. ಒಂದಕ್ಷರ ಬರೆದಿಟ್ಟವಳಲ್ಲ.

"ಊರ ಉಸಾಬರಿ ನಿನಗ್ಯಾಕ?" ಅಂದರೆ, "ನಾ ಕೇಳೂದಿಲ್ಲಪಾ, ಡಬ್ಬಿ ಹೇಳ್ತಾವ" ಎಂದು ನಗುತ್ತಿದ್ದಳು.

ಆ ನಗುವನ್ನು ನಾನು ನಂಬುತ್ತಿರಲಿಲ್ಲ. ಇಷ್ಟು ತಿಳಿದುಕೊಳ್ಳುವವಳು ಅಷ್ಟನ್ನೇ ಹೊರಗೂ ಹಾಕುತ್ತಾಳೆ ಎಂದು ನನ್ನ ಎಣಿಕೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಬಂಕಾಪುರದ ಹತ್ತಿರ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟವನು.

ಹಿರೇಕೆರೂರಿನಿಂದ ಮಗಳಿಗೆ ಒಳ್ಳೆಯ ಸಂಬಂಧ ಬಂದಿತ್ತು. ಸಣ್ಣವಳಿದ್ದಾಗ ಅವಳಿಗೆ ಎರಡು ಸಲ ಮೂರ್ಛೆ ಬಂದಿತ್ತು, ಆಮೇಲೆ ಇಲ್ಲ. ನಮ್ಮ ಮನೆಯ ಹೊರಗೆ ಅದು ಅಕ್ಕನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ನಿಶ್ಚಯಕ್ಕೆ ವಾರವಿದ್ದಾಗ ಗಂಡಿನ ತಂದೆ ಫೋನ್ ಮಾಡಿದರು: "ಹುಡುಗಿಗೆ ಮೂರ್ಛೆ ಬರತೈತೆಂತಲ್ರಿ. ನೀವು ಮುಚ್ಚಿಡಬಾರದಿತ್ರಿ." ಸಂಬಂಧ ಅಲ್ಲಿಗೇ ಮುರಿಯಿತು.

ನೇರ ಗಿರಣಿಗೆ ಹೋದೆ. ಸರದಿಗೆ ನಿಂತ ಹೆಂಗಸರ ಎದುರಿಗೇ, "ನಿನ್ನ ಬಾಯಿಚಪಲಕ್ಕ ನನ್ನ ಮಗಳ ಬೇಕಾಗಿದ್ಲೇನು?" ಎಂದೆ.

ಅಕ್ಕ ಗಿರಣಿ ನಿಲ್ಲಿಸಿದಳು. "ನಾ ಹೇಳಿಲ್ಲೋ ತಮ್ಮಾ. ನೀ ಯಾರ್ಯಾರ ಮುಂದ ಮಾತಾಡೀದಿ, ನೆನಪ ಮಾಡ್ಕೊ."

ತಿರುಗಿ ನನ್ನನ್ನೇ ಕೇಳುತ್ತಾಳಲ್ಲ ಎಂದು ಸಂಶಯ ಇನ್ನೂ ಗಟ್ಟಿಯಾಯಿತು. ಮೂರು ವರ್ಷ ಅವಳ ಹೊಸ್ತಿಲು ತುಳಿಯಲಿಲ್ಲ.

ಹೋದ ತಿಂಗಳು ಅಕ್ಕ ಎದೆನೋವಿನಿಂದ ತೀರಿಕೊಂಡಳು. ಮಣ್ಣು ಮುಗಿಸಿ ಬಂದು ಕುಳಿತಾಗ ಅವಳ ಗಂಡ, ನನ್ನ ಮಾವ, ಹೇಳಿದರು:

"ಯಲವಿಗಿಯಿಂದ ಒಬ್ಬ ಟ್ರ್ಯಾಕ್ಟರ್‌ನಾವ ಗಾಲಿ ತಿದ್ದಿಸಾಕ ಬಂದಿದ್ದ, ನೆನಪೈತೇನು? ತನ್ನ ಮಗಗ ಮೂರ್ಛೆ ಬರತೈತಿ ಅಂತ ಅಂವ ಅತ್ತಾಗ, ನನ್ನ ಮಗಳಿಗೂ ಬರ್ತಿತ್ತು, ವಾಸಿ ಆತು ಅಂತ ನೀ ಧೈರ್ಯಾ ಹೇಳಿದ್ಯಂತ. ಅವನ ಹೆಂಡತಿ ತಂಗಿ ಇರೂದು ಹಿರೇಕೆರೂರಾಗ, ಆ ಗಂಡಿನ ಬಾಜೂ ಮನ್ಯಾಗ. ಬೀಸಾಕ ಬರೂ ಸೊಸ್ಯಾರನ್ನ ಕೇಳಿ ಕೇಳಿ ನೀ ಜಗಳಾಡಿ ಹೋದ ಎಂಟ ದಿನದಾಗ ನಿನ್ನಕ್ಕ ಇದನ್ನ ಹುಡುಕಿದ್ಲು."

ನೆನಪಾಯಿತು. ಗುರುತಿಲ್ಲದವನು, ಮತ್ತೆ ಸಿಗುವವನಲ್ಲ. ಅವನಿಗೆ ಹೇಳಿದ್ದು ಯಾರಿಗೂ ಹೇಳದ ಹಾಗೆ ಎಂದುಕೊಂಡಿದ್ದೆ. ಅಕ್ಕನನ್ನು ಅನುಮಾನಿಸಿದ ನನಗೆ ಅವನು ನೆನಪಿಗೇ ಬಂದಿರಲಿಲ್ಲ.

"ನನಗ್ಯಾಕ ಹೇಳಲಿಲ್ರಿ, ಮಾವ?"

"ಬ್ಯಾಡ ಅಂದ್ಲು. 'ನನ್ನ ಮ್ಯಾಲೆ ಸಿಟ್ಟಿದ್ರ ಇರ್ಲಿ. ತನ್ನ ಬಾಯಿಂದನ ಆತು ಅಂತ ತಿಳಿದ್ರ ಅಂವ ಮಗಳ ಮಾರಿ ಹೆಂಗ ನೋಡ್ತಾನ?' ಅಂದ್ಲು."

ಮಗಳು ಅತ್ತೆಯ ಮಣ್ಣಿಗೆ ಬಂದಿರಲಿಲ್ಲ. ಆ ಸಿಟ್ಟನ್ನು ಅವಳಿಗೆ ಕಲಿಸಿದವನು ನಾನೇ. ದಿನಾ ಊಟಕ್ಕೆ ಎದುರಿಗೆ ಕೂರುತ್ತಾಳೆ. ಹೇಳಬೇಕೆಂದರೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದೆ. ಬೇರೆ ಯಾರೂ ಓದುವ ಮೊದಲು ಇದನ್ನು ಅವಳ ಕೈಗೆ ಕೊಡುತ್ತೇನೆ.